ಅಕ್ಕನ ಫೋಟೋಕ್ಕೆ ಕೂತವಳು

ಮಧುಗಿರಿಗೆ ಹೋಗಿ ಫೋಟೋ ಇಸಕೊಂಡು ಬರುತ್ತೇನೆಂದು ಭಾವ ಬೆಳಗ್ಗೆ ಹೇಳಿ ಹೋದಾಗಿನಿಂದ ಕರಿಬಸಮ್ಮನಿಗೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲುತ್ತಿರಲಿಲ್ಲ. ನಾಳೆ ಪಕ್ಷದ ಹಬ್ಬ. ಮೊರದ ತುಂಬ ಅಕ್ಕಿ ಹರಡಿಕೊಂಡು ನಡುಮನೆಯ ಕಂಬಕ್ಕೆ ಒರಗಿ ಕೂತವಳು ಆರಿಸಿದ ಕಲ್ಲನ್ನು ಅಕ್ಕಿಗೇ ಬಿಟ್ಟು ಅಕ್ಕಿಕಾಳನ್ನು ಅಂಗಳಕ್ಕೆ ಎಸೆದಳು, ತಿಳಿದು ನಾಲಿಗೆ ಕಚ್ಚಿಕೊಂಡಳು, ಸ್ವಲ್ಪ ಹೊತ್ತಿಗೆ ಮತ್ತೆ ಹಾಗೇ ಮಾಡಿದಳು. ಕೊರಟಗೆರೆಯ ಬಸ್ ಸ್ಟ್ಯಾಂಡು ಅವರ ಬೀದಿಯಿಂದ ದೂರವೇನಲ್ಲ. ಹಾರನ್ನು ಕೇಳಿಸಿದರೆ ಸಾಕು, ಕತ್ತು ಬಾಗಿಲ ಕಡೆ ತಿರುಗುತ್ತಿತ್ತು. ಬರುವುದು ಸತ್ತುಹೋದ ಅಕ್ಕನ ಫೋಟೋ. ಆದರೆ ಅದಕ್ಕೆ ಅಕ್ಕನ ಸೀರೆಯುಟ್ಟು, ಅಕ್ಕನ ಬಳೆ ತೊಟ್ಟು, ಹಣೆಗೆ ಕುಂಕುಮವಿಟ್ಟುಕೊಂಡು ಕೂತವಳು ತಾನು. ಅಷ್ಟೇ ಆಗಿದ್ದರೆ ಹಿರಿಯರು ಹೇಳಿದ್ದನ್ನು ಮಾಡಿದೆ ಎಂದು ಸುಮ್ಮನಿರಬಹುದಿತ್ತು. ಹಾಗೆ ಕೂತಾಗ ಅವಳಿಗೆ ಸಂತೋಷವಾಗಿತ್ತು. ಆ ಸಂತೋಷ ಫೋಟೋದಲ್ಲಿ ಬಿದ್ದಿದ್ದರೆ, ನಾಳೆ ಬರುವ ನೆಂಟರಿಷ್ಟರೆಲ್ಲ ಅದನ್ನು ಕಂಡರೆ, ಅಕ್ಕ ಸತ್ತದ್ದು ಈ ಮುಂಡೆಗೆ ಹಬ್ಬವಾಗಿದೆ ಅಂದುಕೊಳ್ಳದೆ ಇರುತ್ತಾರೆಯೇ? ಹೋದ ವಾರದಿಂದ ಅವಳ ತಲೆಯೊಳಗೆ ಇದೊಂದೇ ಕೊರೆಯುತ್ತಿತ್ತು.

ಅಕ್ಕ ಸರ್ವಮಂಗಳೆಯದು ಅನ್ನುವಂಥ ಫೋಟೋ ಮನೆಯಲ್ಲಿ ಒಂದೂ ಇರಲಿಲ್ಲ. ಮದುವೆಯ ಗ್ರೂಪ್ ಫೋಟೋ ಇತ್ತು, ನಿಜ. ಅದರಲ್ಲಿ ಮದುಮಗಳು ತಲೆ ತಗ್ಗಿಸಿದ್ದಾಳೆ, ಬಾಸಿಂಗ ಅಡ್ಡ ಬಂದಿದೆ, ಮುಖ ಇರಬೇಕಾದಲ್ಲಿ ಒಂದಿಷ್ಟು ನೆರಳು ಮಾತ್ರ ಇದೆ. ಆಮೇಲೆ ಭಾವ ನಾಗಲಿಂಗಯ್ಯ ಎಷ್ಟು ಕರೆದರೂ ಅವಳು ಸ್ಟುಡಿಯೋದ ಮೆಟ್ಟಿಲು ಹತ್ತಲಿಲ್ಲ. “ನನ್ನ ಮುಖ ನಾನೇ ನೋಡ್ಕೊಂಡು ಕೂತ್ಕೊಳ್ಳೋಕೆ ನಂಗೇನು ಬ್ಯಾರೆ ಕೆಲಸ ಇಲ್ವಾ” ಅನ್ನುತ್ತಿದ್ದಳು. ಯುಗಾದಿ ಕಳೆದು ಬಂದ ಕಾಮಾಲೆಗೆ ನಾಟಿ ಔಷಧಿಯೂ ಆಯಿತು, ತುಮಕೂರಿನ ಆಸ್ಪತ್ರೆಯೂ ಆಯಿತು, ಉಳಿಯಲಿಲ್ಲ. ಅವಳ ಹೆಸರಿನ ಗಣಾರಾಧನೆಯ ಊಟ ಮುಗಿದು ನೆಂಟರೆಲ್ಲ ಚದುರಿದ ಮೇಲೆ ಗೋಡೆ ನೋಡಿದಾಗಲೇ ಮನೆಯವರಿಗೆ ಹೊಳೆದದ್ದು: ಭಾವನ ಅಪ್ಪ, ಅಜ್ಜ, ಮಠದ ಸ್ವಾಮಿಗಳು ಎಲ್ಲರೂ ಗಾಜಿನ ಹಿಂದೆ ಕೂತಿದ್ದಾರೆ, ಮನೆ ನಡೆಸಿದವಳು ಮಾತ್ರ ಎಲ್ಲೂ ಇಲ್ಲ.

ಪಕ್ಷಕ್ಕೆ ಯಾವುದರ ಮುಂದೆ ಎಡೆ ಇಡುವುದು ಎಂದು ಭಾವ ಕೊರಗುತ್ತಿದ್ದಾಗ ದಾರಿ ತೋರಿಸಿದವರು ಸಿರಾದಿಂದ ಬಂದಿದ್ದ ಅವರಕ್ಕ ಜಗದಾಂಬ. ಕರಿಬಸಮ್ಮ ಅಲ್ಲೇ ಬಾಗಿಲ ಹತ್ತಿರ ದೀಪದ ಬತ್ತಿ ಹೊಸೆಯುತ್ತ ಕೂತಿದ್ದಳು. ಅವಳು ಅಲ್ಲಿದ್ದಾಳೆಂಬುದು ಅವರಿಬ್ಬರ ಲೆಕ್ಕಕ್ಕೇ ಇರಲಿಲ್ಲ.

“ಅಕ್ಕ ತಂಗೀರು ಒಂದೇ ಅಚ್ಚಲ್ಲಿ ಎರಕ ಹೊಯ್ದಂಗವ್ರೆ. ಇವ್ಳಿಗೆ ಹಣೆಗಿಟ್ಟು ಕೂರಿಸ್ಬುಟ್ರೆ ಸರ್ವಮಂಗಳನೇ. ನಮ್ಮ ಸಿರಾದಾಗೆ ಎಷ್ಟೋ ಮನೇಲಿ ಹಿಂಗೇ ಮಾಡವ್ರೆ. ಮಧುಗಿರಿ ಸಂಜೀವಯ್ಯ ಅಂತವ್ನೆ, ಪಾವಗಡದಿಂದ ಬತ್ತಾರೆ ಅವನ ತಾವ್ಕೆ, ಇಂಥಾವು ತೆಗೆಸೋಕೆ ಅಂತ್ಲೇ.”

“ಅವಳು ಒಪ್ಪಬೇಕಲ್ಲಕ್ಕ,” ಅಂದರು ಭಾವ.

“ಅವ್ಳದೇನಪ್ಪ ಒಪ್ಪೋದು. ಅಕ್ಕನ ಮನೆ ಅನ್ನ ಉಂಡವ್ಳೆ, ಅಕ್ಕನ ಹೆಸರಿಗೆ ಒಂದು ಗಳಿಗೆ ಕೂತ್ಕೊಂಡ್ರೆ ಸವೆದು ಹೋಯ್ತಾಳಾ? ಅವ್ವನ್ನ ಕಳ್ಕೊಂಡಿರೋ ಆ ಮಗೀಗೆ ಮಾತ್ರ ಹೇಳ್ಬ್ಯಾಡಿ. ಹಳೇದೊಂದು ಸಿಕ್ತು, ದೊಡ್ಡದು ಮಾಡ್ಸಿದ್ವಿ ಅಂದ್ರಾಯ್ತು.”

ಬತ್ತಿ ಹೊಸೆಯುತ್ತಿದ್ದ ಕರಿಬಸಮ್ಮ ತಲೆಯೆತ್ತಲಿಲ್ಲ. ಅನ್ನದ ಮಾತಿಗೆ ಮುಖ ಬಿಸಿಯಾಗಿತ್ತು. ಆದರೆ ಅದರ ಹಿಂದೆಯೇ ಇನ್ನೊಂದು ಯೋಚನೆ ಕಳ್ಳನ ಹಾಗೆ ಒಳಗೆ ಬಂದು ಕೂತಿತ್ತು: ಹಾಗಾದರೆ ನಾನು ಒಂದು ಸಲ ಹಣೆಗಿಟ್ಟುಕೊಳ್ಳಬಹುದು. ಛೆ, ಎಂಥ ಮನಸ್ಸು ಇದು ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಂಡರೂ ಅದು ಎದ್ದು ಹೋಗಲಿಲ್ಲ.

ಅವಳ ಮದುವೆ ಆದದ್ದು ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಗೆ. ಅಲ್ಲಿ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು. ತೆಲುಗು ನಾಲಿಗೆಗೆ ಹೊಂದುವಷ್ಟರಲ್ಲಿ ಗಂಡ ಬಾವಿಯ ಕೆಲಸಕ್ಕೆ ಇಳಿದವನು ಮಣ್ಣು ಕುಸಿದು ತೀರಿಕೊಂಡ. ಗಂಡನ ಮುಖ ಈಗ ಸರಿಯಾಗಿ ನೆನಪಿಗೂ ಬರುವುದಿಲ್ಲ. ಬೆಳಗಿನ ಹೊತ್ತು ಕಂಬಳಿ ಕೊಡವುತ್ತಿದ್ದ ಅವನ ತೋಳುಗಳು ಮಾತ್ರ ನೆನಪಿವೆ. ಬಳೆ ಒಡೆಯುವಾಗ ಅವರ ಕಡೆಯ ಮುದುಕಿಯೊಬ್ಬಳು “ಅಯ್ಯೋ ತಲ್ಲಿ, ಚಿನ್ನ ಪಿಲ್ಲ” ಎಂದು, ಇನ್ನೂ ಚಿಕ್ಕ ಹುಡುಗಿಯೆಂದು, ತೆಲುಗಿನಲ್ಲಿ ಲೊಚಗುಟ್ಟುತ್ತಲೇ ಕಲ್ಲಿಗೆ ಕೈ ಅಪ್ಪಳಿಸಲು ಹೋಗಿದ್ದಳು. ಕೊರಟಗೆರೆಯಿಂದ ಓಡಿ ಬಂದಿದ್ದ ಅಕ್ಕ ಅವಳನ್ನು ದೂಡಿ, ಒಂದೊಂದೇ ಬಳೆಯನ್ನು ಸೋಪು ಹಚ್ಚಿ ಕೈಯಿಂದ ಜಾರಿಸಿ ತೆಗೆದಿದ್ದಳು. “ಒಡಿಯಾದು ಬ್ಯಾಡ. ಗಾಜು ಕುಯ್ಯುತ್ತೆ,” ಅಷ್ಟೇ ಅಂದದ್ದು. ಆ ಅಕ್ಕನ ಬಳೆಗಳನ್ನೇ ಸ್ಟುಡಿಯೋದಲ್ಲಿ ತಾನು ತೊಟ್ಟದ್ದು. ಸೋಪು ಬೇಕಾಗಲಿಲ್ಲ, ತಾವಾಗಿಯೇ ಏರಿದವು. ಇದನ್ನು ನೆನೆದು ಕರಿಬಸಮ್ಮ ಮೊರವನ್ನು ಪಕ್ಕಕ್ಕಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಳು ಅಕ್ಕನಿಗಾಗಿ ಬಂತೋ ತನಗಾಗಿ ಬಂತೋ ಅವಳಿಗೇ ತಿಳಿಯಲಿಲ್ಲ.

ಮಧುಗಿರಿಗೆ ಹೋದ ದಿನ ಬಸ್ಸಿನಲ್ಲಿ ಭಾವ ಮುಂದಿನ ಸೀಟಿನಲ್ಲಿ ಕೂತಿದ್ದರು, ಅವಳು ಹಿಂದೆ, ಸೀರೆಯ ಚೀಲವನ್ನು ಮಡಿಲಲ್ಲಿ ಅವುಚಿಕೊಂಡು. ಸಂಜೀವಯ್ಯನ ಸ್ಟುಡಿಯೋ ಒಂದು ಪಾತ್ರೆ ಅಂಗಡಿಯ ಮಹಡಿಯ ಮೇಲೆ. ಕಿಟಕಿಯ ತುಂಬ ಬೆಟ್ಟದ ಬಂಡೆಯೇ ಕಾಣುತ್ತಿತ್ತು, ಆಕಾಶಕ್ಕೆ ಜಾಗವೇ ಇರಲಿಲ್ಲ. ಅವರಿಗಿಂತ ಮುಂಚೆ ಬಂದಿದ್ದವರು ಪುರವರದ ಕಡೆಯ ಕುರಿ ಸಾಕುವ ಗಂಡ ಹೆಂಡತಿ. ಗಂಡ ಯತ್ತಪ್ಪ ಸ್ಟುಡಿಯೋದ ಕೋಟು ತೊಟ್ಟು, ಕೈಗೆ ಸ್ಟುಡಿಯೋದ ವಾಚು ಕಟ್ಟಿಕೊಂಡು, ಬರಿಗಾಲಲ್ಲಿ, ಯಾರೋ ಗದರಿಸಿದವರಂತೆ ಸೆಟೆದು ಕೂತಿದ್ದ. ಹೆಂಡತಿ ಜುಂಜಮ್ಮನಿಗೆ ಅವನನ್ನು ಆ ಕೋಟಿನಲ್ಲಿ ನೋಡಿ ನಗು ತಡೆಯಲಾಗುತ್ತಿರಲಿಲ್ಲ. ಸಂಜೀವಯ್ಯ ಕಪ್ಪು ಬಟ್ಟೆಯೊಳಗೆ ತಲೆ ಹಾಕಿದರೆ ಅವಳ ಭುಜ ಕುಲುಕುತ್ತಿತ್ತು.

“ಅಲ್ಲಾಡ್ಬ್ಯಾಡ್ವೇ ಜುಂಜಿ, ಮರ್ವಾದಿ ಹೋಯ್ತದೆ,” ಎಂದು ಯತ್ತಪ್ಪ ತುಟಿ ಅಲುಗಿಸದೆ ಹೇಳಿದ.

“ನಗು ಬತ್ತೈತೆ ಕಣಾ, ನಾನೇನ್ ಮಾಡ್ಲಿ. ಒಳ್ಳೆ ಅಮಲ್ದಾರ ಕುಂತಂಗೆ ಕುಂತಿದೀಯ.”

ಬೆಂಚಿನ ಮೇಲೆ ಕಾಯುತ್ತಿದ್ದ ಕರಿಬಸಮ್ಮನಿಗೂ ನಗು ಉಕ್ಕಿತು. ಸೆರಗು ಬಾಯಿಗೆ ಒತ್ತಿಕೊಂಡಳು. ಭಾವ ತಿರುಗಿ ನೋಡಿದರು. ಆ ನೋಟಕ್ಕೆ ಅವಳು ನೆಲಕ್ಕಿಳಿದು ಹೋದಳು. ಅಕ್ಕ ಸತ್ತಿದ್ದಾಳೆ, ನಾವು ಬಂದಿರುವುದು ಸತ್ತವಳ ಕೆಲಸಕ್ಕೆ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಆ ನಗು ಮಾತ್ರ ಎದೆಯಲ್ಲಿ ಎಲ್ಲೋ ಉಳಿದುಬಿಟ್ಟಿತು.

ಒಳಗಿನ ಸಣ್ಣ ಕೋಣೆಯಲ್ಲಿ ಕನ್ನಡಿ ಇತ್ತು, ಪೌಡರಿನ ಡಬ್ಬಿ, ಹಲ್ಲು ಮುರಿದ ಬಾಚಣಿಗೆ, ಪ್ಲಾಸ್ಟಿಕ್ಕಿನ ಹೂಗಳಿದ್ದವು. ಕುಂಕುಮದ ಪೊಟ್ಟಣವನ್ನು ಭಾವ ಮನೆಯಿಂದಲೇ ತಂದಿದ್ದರು. ಕೊಡುವಾಗ ಮುಖವನ್ನು ಆಚೆ ತಿರುಗಿಸಿಕೊಂಡು ಕೊಟ್ಟರು. ಅಕ್ಕನ ಮೆರೂನ್ ರೇಷ್ಮೆ ಸೀರೆ ಉಟ್ಟು, ವಿಭೂತಿಯ ಕೆಳಗೆ ಬೆರಳಿಟ್ಟಾಗ ಕೈ ನಡುಗುತ್ತದೆ ಅಂದುಕೊಂಡಿದ್ದಳು. ನಡುಗಲಿಲ್ಲ. ಹದಿನಾರು ಹದಿನೇಳು ವರ್ಷ ಬಿಟ್ಟಿದ್ದ ಕೆಲಸವನ್ನು ಬೆರಳು ನಿನ್ನೆ ಮೊನ್ನೆ ಮಾಡಿದ ಹಾಗೆ ಮಾಡಿತು, ದುಂಡಗೆ, ನಡುಮಧ್ಯೆ. ಕನ್ನಡಿಯಲ್ಲಿ ಅಕ್ಕ ಕಾಣಬಹುದೆಂದು ಅವಳಿಗೆ ಹೆದರಿಕೆಯಿತ್ತು. ಅಕ್ಕ ಕಾಣಲಿಲ್ಲ. ಹೊಸಕೋಟೆಗೆ ಹೊರಟು ನಿಂತ ಹುಡುಗಿ, ಸ್ವಲ್ಪ ದಪ್ಪಗಾಗಿ, ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲು ಬಂದವಳು, ಇಷ್ಟು ದಿನ ಎಲ್ಲಿಗೆ ಹೋಗಿದ್ದೆ ಎಂದು ಕೇಳುವವಳಂತೆ ಅವಳನ್ನು ನೋಡುತ್ತಿದ್ದಳು.

ಹೊರಗೆ ಬಂದಾಗ ಭಾವ ಬೆಂಚಿನಿಂದ ಅರ್ಧ ಎದ್ದವರು ಹಾಗೇ ನಿಂತುಬಿಟ್ಟರು. ಅವಳು ಕುರ್ಚಿಯಲ್ಲಿ ಕೂತಳು. ಹಿಂದೆ ಪರದೆಯ ಮೇಲೆ ನದಿ, ಎರಡು ಹಂಸ, ಯಾವ ಊರಿನದೋ ಅರಮನೆಯ ಕಟಕಟೆ. ಲೈಟಿನ ಝಳಕ್ಕೆ ಕುತ್ತಿಗೆ ಬೆವರಿತು. “ಗದ್ದ ಸ್ವಲ್ಪ ಮೇಲೆ ಮಾಡು ಸರ್ವೂ,” ಎಂದು ಭಾವ ಮೆಲ್ಲಗೆ ಅಂದರು. ಅಂದಮೇಲೆ ಏನಂದೆ ಎಂದು ತಿಳಿದು ಮುಖ ಕಪ್ಪಿಟ್ಟು, ಬೀಡಿ ಸೇದಿ ಬರುತ್ತೇನೆಂದು ಗೊಣಗಿ ಕೆಳಗಿಳಿದು ಹೋದರು. ಭಾವ ಬೀಡಿ ಸೇದುವವರಲ್ಲ.

ಸಂಜೀವಯ್ಯ ಇಂಥವನ್ನು ಬೇಕಾದಷ್ಟು ಕಂಡವನು. ಅವನು ಅವಸರ ಮಾಡಲಿಲ್ಲ.

“ನಿಮ್ಮಕ್ಕ ಹೆಂಗೆ ನೋಡ್ತಿದ್ರಮ್ಮ? ಮುಖ ನಿಮ್ದೇ ಸಾಕು, ನೋಟ ಅವರದ್ದು ಬಂದ್ರೆ ಚೆಂದ. ಒಸಿ ಗ್ಯಾಪಿಸ್ಕೊಳ್ಳಿ.”

ಅಕ್ಕ ಹೇಗೆ ನೋಡುತ್ತಿದ್ದಳು? ಇವರು ಉಂಡರೋ ಇಲ್ಲವೋ ಎಂದು ಅಳೆಯುವ ಹಾಗೆ ನೋಡುತ್ತಿದ್ದಳು. ಮಾತಾಡುವಾಗಲೂ ಅರ್ಧ ಗಮನ ಒಲೆಯ ಕಡೆಗೆ. ಕರಿಬಸಮ್ಮ ಹಾಗೆ ನೋಡಲು ಪ್ರಯತ್ನಪಟ್ಟಳು. ಒಲೆಯನ್ನು ನೆನೆದಳು, ಹಾಲು ಉಕ್ಕುವುದನ್ನು ನೆನೆದಳು. “ಹಾಂ, ಉಸಿರು ಹಿಡ್ಕೊಳ್ಳಿ” ಎಂಬ ದನಿ ಕಪ್ಪು ಬಟ್ಟೆಯೊಳಗಿಂದ ಬಂತು. ಉಸಿರು ಹಿಡಿದಳು. ಆ ಒಂದು ಗಳಿಗೆಯಲ್ಲಿ ಒಲೆಯೂ ಹೋಯಿತು, ಅಕ್ಕನೂ ಹೋದಳು. ಎದುರಿಗೆ ಬರೀ ಒಂದು ಗಾಜಿನ ಕಣ್ಣು, ಅದು ಅವಳನ್ನು ಬಿಟ್ಟು ಬೇರೆ ಯಾರನ್ನೂ ನೋಡುತ್ತಿರಲಿಲ್ಲ. ಒಂದು ಲೋಟ ನೀರು ಕೊಡು, ಸ್ವಲ್ಪ ಆಚೆ ಸರಿ ಎಂದು ಅದು ಹೇಳುತ್ತಿರಲಿಲ್ಲ. ನಾನು, ನಾನೇ ಎಂದು ಎದೆಯೊಳಗೆ ಯಾರೋ ಕುಣಿದರು. ಆಗಲೇ ಟಕ್ಕೆಂದದ್ದು.

ಆಮೇಲೆ ಅವಳಿಗೆ ಎಲ್ಲಿಂದ ಅಷ್ಟು ಧೈರ್ಯ ಬಂತೋ, ಎದ್ದು ನಿಂತು, “ನಂದೊಂದು ತೆಗೀತೀರಾ?” ಎಂದು ಕೇಳಿಬಿಟ್ಟಳು. ಸಂಜೀವಯ್ಯ ಆಶ್ಚರ್ಯಪಡಲಿಲ್ಲ. “ಅದಕ್ಕೇನಮ್ಮ, ತೆಗಿಯಾನ,” ಎಂದು ಕ್ಯಾಮೆರಾದ ಹಿಂದೆ ಏನೋ ಸರಿಮಾಡುತ್ತ, ಕಸುಬಿನವರು ಕೇಳುವ ಹಾಗೆಯೇ ಕೇಳಿದ: “ಹಣೇದು ಇಂಗೇ ಇರ್ಲಾ, ತೊಳ್ಕೊಂಡು ಬತ್ತೀರಾ?”

ಅವಳು ಬಾಯಿ ತೆರೆದಳು. ಹೀಗೇ ಇರಲಿ ಅಂದರೆ ಅದು ಇನ್ನೊಂದು ಅಕ್ಕನ ಫೋಟೋ, ಇಲ್ಲವೇ ಕಳ್ಳತನ. ತೊಳೆದುಕೊಂಡು ಬಂದರೆ ಅದು ಬತ್ತಿ ಹೊಸೆಯುವ, ಬಾಗಿಲ ಹತ್ತಿರ ಕೂರುವ ಕರಿಬಸಿ; ಅವಳನ್ನು ಯಾವ ಗೋಡೆಗೆ ಹಾಕುವುದು, ಯಾರು ಹಾಕುತ್ತಾರೆ? ಇವೆರಡರಲ್ಲಿ ನಿಮ್ಮದು ಯಾವುದು ಎಂದು ಈ ಮನುಷ್ಯ ಇಷ್ಟು ಸಲೀಸಾಗಿ ಕೇಳುತ್ತಿದ್ದಾನಲ್ಲ ಎಂದು ಅವನ ಮೇಲೆ ಸಿಟ್ಟೂ ಬಂತು. ಅಷ್ಟರಲ್ಲಿ ಕೆಳಗಿನಿಂದ ಭಾವ ಬಸ್ಸಿಗೆ ಹೊತ್ತಾಯಿತೆಂದು ಕೂಗಿದರು. “ಬ್ಯಾಡ ಬುಡಿ, ಸುಮ್ಕೆ ಕೇಳ್ದೆ,” ಅಂದವಳೇ ಕೋಣೆಗೆ ಹೋಗಿ ಮುಖ ತೊಳೆದಳು. ಕುಂಕುಮ ಬೇಗ ಹೋಗಲಿಲ್ಲ. ಉಜ್ಜಿ ಉಜ್ಜಿ ಹಣೆ ಕೆಂಪಗಾಯಿತು. ಬಸ್ಸಿನಲ್ಲಿ ಪಕ್ಕದ ಹೆಂಗಸು ಹಣೆಯನ್ನೇ ನೋಡುತ್ತಿದ್ದಾಳೆನ್ನಿಸಿ ಸೆರಗನ್ನು ಹುಬ್ಬಿನ ತನಕ ಎಳೆದುಕೊಂಡು ಕೂತಳು.

ಕರಿಬಸಮ್ಮ ಮತ್ತೆ ಮೊರ ಎಳೆದುಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಭಾವ ಹಳೆಯ ಪಂಚೆಯಲ್ಲಿ ಸುತ್ತಿದ್ದ ಕಟ್ಟನ್ನು ಎರಡು ಕೈಯಲ್ಲಿ ಹಿಡಿದು ಒಳಗೆ ಬಂದರು. ಮಧ್ಯಾಹ್ನವೇ ಬಂದಿಳಿದಿದ್ದ ಜಗದಾಂಬ ಕೋಣೆಯಿಂದ ಎದ್ದು ಬಂದರು. ಕರಿಬಸಮ್ಮ ಮೊರ ಹಿಡಿದುಕೊಂಡೇ ನಿಂತಳು. ಪಂಚೆ ಬಿಚ್ಚಿದರು. ಅವಳು ಮೊದಲು ಫೋಟೋ ನೋಡಲಿಲ್ಲ, ನೋಡುತ್ತಿದ್ದವರ ಮುಖ ನೋಡಿದಳು. ಈಗ ಹುಬ್ಬು ಗಂಟಾಗುತ್ತದೆ, ಈಗ ತಿರುಗಿ ತನ್ನನ್ನು ನೋಡುತ್ತಾರೆ. ಜಗದಾಂಬ ಎರಡು ಕೈಯಿಂದ ನೆಟಿಕೆ ಮುರಿದು, “ಅಯ್ಯೋ ನಮ್ಮವ್ವ, ಥೇಟ್ ಸರ್ವಮಂಗಳನೇ ಎದ್ದು ಬಂದಂಗೈತಲ್ಲೋ,” ಎಂದು ಅತ್ತರು. ಭಾವ ಚೌಕಟ್ಟಿನ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ, “ಹಿಂಗೇ ಇದ್ಲು, ಹಿಂಗೇ ಇದ್ಲು,” ಅಂದರು. ಯಾರೂ ತಿರುಗಲಿಲ್ಲ.

ಆಮೇಲೆ ಅವಳು ನೋಡಿದಳು. ಆ ಸಂತೋಷ ಬಿದ್ದಿತ್ತು. ತುಟಿ ನಕ್ಕಿರಲಿಲ್ಲ, ಆದರೆ ಕಣ್ಣು ತುಂಬಿ ನಿಂತಿತ್ತು ಅದು, ಕುರುಡರಿಗೂ ಕಾಣುವಷ್ಟು. ಸಂಜೀವಯ್ಯ ಏನೇನನ್ನು ತಿದ್ದಿದ್ದನೋ, ಅದನ್ನು ಮಾತ್ರ ಮುಟ್ಟಿರಲಿಲ್ಲ. ಇಷ್ಟು ದಿನ ಹೆದರಿದ್ದು ಎದುರಿಗಿದೆ, ಒಬ್ಬರಿಗೂ ಕಾಣುತ್ತಿಲ್ಲ. ಬದುಕಿದೆ ಎಂದು ಅವಳು ಉಸಿರು ಬಿಟ್ಟಳು. ಆದರೂ ಮತ್ತೆ ಅವರ ಮುಖಗಳನ್ನೇ ನೋಡಿದಳು. ಒಬ್ಬರಾದರೂ, ಒಬ್ಬರೇ ಒಬ್ಬರಾದರೂ, ಅರೆ ಇದು ನಮ್ಮ ಕರಿಬಸಿಯಲ್ಲವಾ ಅಂದಿದ್ದರೆ. ಬೈದೇ ಅನ್ನಲಿ, ಹೀಯಾಳಿಸಿಯೇ ಅನ್ನಲಿ. ಇಂಥ ಆಸೆ ಹುಟ್ಟಿದ್ದಕ್ಕೆ ನಾಚಿಕೆಯಾಗಿ ಒಳಗೆ ಹೋಗಿ ಅಕ್ಕಿ ನೆನೆಸಿದಳು. ಆ ಹೊತ್ತಿನಿಂದ ಅವಳಿಗೆ ಇನ್ನೊಂದು ತೊಂದರೆ ಶುರುವಾಯಿತು. ಅಕ್ಕನನ್ನು ನೆನೆಯಲು ಹೋದರೆ ಆ ಫೋಟೋವೇ ಬರುತ್ತಿತ್ತು. ಸೋಪು ಹಚ್ಚಿ ಬಳೆ ಜಾರಿಸಿದ ಅಕ್ಕನಿಗೂ ಈಗ ತನ್ನದೇ ಮುಖ.

ಹಬ್ಬದ ದಿನ ನಡುಮನೆಯಲ್ಲಿ ಮಣೆಯ ಮೇಲೆ ಫೋಟೋ ಇಟ್ಟು ಹೊಸ ಸೀರೆ ಮಡಿಸಿಟ್ಟರು, ಚೆಂಡುಹೂವಿನ ಹಾರ ಹಾಕಿದರು. ಎಡೆಗೆ ಕಡುಬು, ಹೋಳಿಗೆ, ಕುಂಬಳಕಾಯಿ ಪಲ್ಯ, ಅಕ್ಕನಿಗೆ ಇಷ್ಟವಾಗಿದ್ದ ಹುರಳಿಕಾಳಿನ ಸಾರು, ಎಲ್ಲ ಅವಳ ಕೈಯದೇ. ಕೇರಿಯ ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಗಾಜಿನ ಮೇಲೆ, ಹಣೆಯಿರುವ ಜಾಗಕ್ಕೆ, ಕುಂಕುಮ ಹಚ್ಚಿ ಕೈಮುಗಿದರು. ಕರಿಬಸಮ್ಮ ಎಲೆ ಸರಿಮಾಡಲು ಬಗ್ಗಿದವಳು, ಹಾರ ಒಂದು ಕಡೆ ಜಾರಿದ್ದನ್ನು ಕಂಡು ಗಾಜಿನ ಹತ್ತಿರ ಕೈ ಚಾಚಿದಳು.

“ನೀ ಸ್ವಲ್ಪ ಈಚೆ ಬಾರಮ್ಮ ಕರಿಬಸಿ,” ಅಂದರು ಜಗದಾಂಬ. ದನಿಯಲ್ಲಿ ಸಿಟ್ಟಿರಲಿಲ್ಲ. “ಮುತ್ತೈದೆ ಫೋಟೋ. ಅವರೇ ಮಾಡ್ಲಿ.”

ಬಗ್ಗಿದ್ದವಳು ನೆಟ್ಟಗಾದಳು. ಬಂದಿದ್ದ ಹೆಂಗಸರು ಕಡುಬಿನ ಕಡೆ ನೋಡಿದರು, ಸೂರಿನ ಕಡೆ ನೋಡಿದರು. ಎದುರಿಗೆ ತನ್ನ ಹಣೆಯ ಮೇಲೆ ನಾಲ್ಕಾರು ಜನರ ಕುಂಕುಮ ಸೇರಿ ದಪ್ಪಗೆ ಅಂಟಿತ್ತು. ಏನೋ ಹೇಳಬೇಕೆನ್ನಿಸಿತು. “ಸಾರು ಆರೋಯ್ತದೆ,” ಅಂದು ಅಡುಗೆಮನೆಗೆ ಹೋದಳು.

ಉಂಡವರೆಲ್ಲ ಎಲೆಯಡಿಕೆ ಹಾಕಿಕೊಂಡು ಜಗುಲಿಗೆ ಹೋದ ಮೇಲೆ ಅವಳು ಎಲೆ ತೆಗೆದ ನೆಲಕ್ಕೆ ಗೋಮೆ ಹಚ್ಚಿ ಒರೆಸಲು ನಡುಮನೆಗೆ ಬಂದರೆ ಅಕ್ಕನ ಮಗಳು ಗಿರಿಜ ಮಣೆಯ ಮುಂದೆ ಒಬ್ಬಳೇ ಕೂತಿದ್ದಳು. ಮೂರನೇ ಕ್ಲಾಸಿನ ಹುಡುಗಿ. ನಿನ್ನೆಯಿಂದ ಎಲ್ಲರೂ ನಿಮ್ಮವ್ವನ್ನ ನೋಡು ಬಾ ಎಂದು ಕರೆದರೂ ಹತ್ತಿರ ಬಂದಿರಲಿಲ್ಲ. ಈಗ ಮೊಣಕಾಲಿಗೆ ಗದ್ದ ಊರಿ ಫೋಟೋವನ್ನು ದುರುಗುಟ್ಟಿ ನೋಡುತ್ತಿದ್ದಳು.

“ಚಿಕ್ಕವ್ವ, ಇದು ಅವ್ವ ಅಲ್ಲ.”

ಕರಿಬಸಮ್ಮನ ಕೈಯಲ್ಲಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕಿತು. “ಅಂಗಂದ್ರೆ?”

“ಅವ್ವ ಹಿಂಗೆ ನೋಡ್ತಿರ್ಲಿಲ್ಲ. ಅವ್ವ ಬೈಯೋಳಂಗೆ ನೋಡೋಳು. ಇವಳು ಖುಷಿಯಾಗವಳೆ.” ಹುಡುಗಿ ತಿರುಗಿ ಅವಳ ಮುಖವನ್ನೊಮ್ಮೆ, ಫೋಟೋವನ್ನೊಮ್ಮೆ ನೋಡಿದಳು. “ನೀನಾ ಇದು? ಅವ್ವಂದು ಇಲ್ವಾ ಅಂಗಾರೆ? ಒಂದೂ ಇಲ್ವಾ?”

ಈ ಮಾತು ಕಿವಿಗೆ ಬೀಳಲೆಂದೇ ಕರಿಬಸಮ್ಮ ನಿನ್ನೆಯಿಂದ ಕಾದದ್ದು. ಹೌದು ಕಣೆ, ನಾನೇ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಇಷ್ಟು ವರ್ಷದಲ್ಲಿ ಯಾರಿಗೂ ಹೇಳದ ಮಾತು. ಹುಡುಗಿಯ ಕೆಳತುಟಿ ಆಗಲೇ ಅದುರಲು ಶುರುವಾಗಿತ್ತು. ಕರಿಬಸಮ್ಮ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಕೈಯನ್ನು ಸೆರಗಿಗೆ ಒರೆಸಿಕೊಂಡು, ಅವಳ ಪಕ್ಕದಲ್ಲಿ ನೆಲಕ್ಕೆ ಕೂತಳು.

“ನಾನಲ್ಲ ಕಣವ್ವ, ನಿಮ್ಮವ್ವನೇ. ನೀನು ಹುಟ್ಟೋಕೆ ಮುಂಚೆ ತೆಗೆಸಿದ್ದು. ಆಗ ಹೊಟ್ಟೇಲಿ ನೀನಿದ್ದೆ. ಅದಕ್ಕೇ ಅಷ್ಟು ಖುಷಿಯಾಗವಳೆ.”

ಗಿರಿಜ ಮತ್ತೆ ಫೋಟೋದ ಕಡೆ ತಿರುಗಿದಳು. ತುಟಿ ಅದುರುವುದು ನಿಂತಿತು. ಮುಂದಕ್ಕೆ ಸರಿದು, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಮೆರೂನ್ ಸೀರೆಯ ನೆರಿಗೆ ಕಪ್ಪಗೆ ಕಾಣುವ ಕಡೆ ಬೆರಳಿಟ್ಟಳು.

“ಇಲ್ಲೇನಾ ನಾನಿದ್ದಿದ್ದು?”

“ಅಲ್ಲೇ ಕಣವ್ವ,” ಅಂದಳು ಕರಿಬಸಮ್ಮ.